ನಮ್ಮ ಮನೆಯ ನಡೆದಾಡುವ ಒಲೆ

ವಿವರಿಸುವುದು ನನಗೆ ಅಂಟಿಕೊಂಡಿರುವ ಒಂದು ಕಾಯಿಲೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲಸ ಮಾಡುವವರು ಕೆಲಸ ಮಾಡುತ್ತಿರುತ್ತಾರೆ. ನಾನು ಪಕ್ಕದಲ್ಲಿ ನಿಂತು ಅದನ್ನು ಹೇಗೆ ಮಾಡಬೇಕು ಎಂದು ಹೇಳುತ್ತಿರುತ್ತೇನೆ. ಎತ್ತಿಗೆ ಲಾಳ ಕಟ್ಟುವವನಿಗೆ ಹೇಳಿದ್ದೇನೆ, ಕೊಳವೆ ಬಾವಿಗೆ ಮೋಟಾರು ಇಳಿಸುವವರಿಗೆ ಹೇಳಿದ್ದೇನೆ. ಒಮ್ಮೆ ಕೆಂಗಲ್ ಆಂಜನೇಯನ ಗುಡಿಯಲ್ಲಿ ಸಾಲು ಹೇಗೆ ನಿಂತರೆ ಬೇಗ ಸಾಗುತ್ತದೆ ಎಂದು ಹಿಂದಿನವರಿಗೆ ತಿರುಗಿ ವಿವರಿಸುತ್ತಿದ್ದೆ. ಮುಗಿಸಿ ನೋಡಿದರೆ ಅವರೆಲ್ಲ ನನ್ನನ್ನು ದಾಟಿಕೊಂಡು ಮುಂದೆ ಹೋಗಿ, ಮಂಗಳಾರತಿ ತೆಗೆದುಕೊಂಡು, ಪ್ರಸಾದ ತಿನ್ನುತ್ತ ಹೊರಗೆ ಬರುತ್ತಿದ್ದರು. ನನ್ನ ಹೆಂಡತಿ ಭಾಗ್ಯ ತಿಪ್ಪಸಂದ್ರದವಳು, ಹೆಚ್ಚು ಮಾತಿನವಳಲ್ಲ. ಮದುವೆಯಾದ ಹೊಸದರಲ್ಲಿ ನಾನು ವಿವರಿಸಿದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದಳು. ಎರಡನೆಯ ವರ್ಷದಿಂದ ಕೇಳುವಾಗ ಅವರೆಕಾಯಿ ಸುಲಿಯತೊಡಗಿದಳು. ನಮ್ಮ ಅವ್ವ ಚಿಕ್ಕತಾಯಮ್ಮನಿಗಂತೂ ಕೇಳುವ ಅಭ್ಯಾಸವೇ ಇರಲಿಲ್ಲ.

ಇಂಥ ಮನುಷ್ಯನ ಕೈಗೆ ಸರ್ಟಿಫಿಕೇಟು ಕೊಡಬಾರದು. ಆದರೆ ಕೊಟ್ಟರು. ನಮ್ಮೂರು ಬೈರಮಂಗಲದ ಕೆರೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಎದ್ದ ಕಾಲದಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಒಂದೊಂದು ಬಣ್ಣದ ಅಂಗಿ ತೊಟ್ಟರು. ನೀಲಿ ತೊಟ್ಟವರು ಯಂತ್ರಕ್ಕೆ, ಖಾಕಿ ತೊಟ್ಟವರು ಗೇಟಿಗೆ. ನನಗೆ ಒಂದು ಬಿಡಿಭಾಗದ ಕಂಪನಿಯ ಸ್ಟೋರಿನಲ್ಲಿ ಬೂದು ಬಣ್ಣದ ಅಂಗಿ ಸಿಕ್ಕಿತು. ಅಲ್ಲಿ ಎರಡು ದಿನ ಬೆಂಕಿ ಅಪಘಾತ ತಡೆಯುವ ತರಬೇತಿ ನಡೆಯಿತು. ಸ್ಟೋರಿನಲ್ಲಿ ಅಷ್ಟೇನೂ ಕೆಲಸವಿರಲಿಲ್ಲವಾಗಿ ನನ್ನನ್ನು ಕಳಿಸಿದರು. ಕೊನೆಗೆ ಕೊಟ್ಟ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿ, ಮನೆದೇವರ ಪಟದ ಪಕ್ಕದಲ್ಲಿ ಮೊಳೆ ಹೊಡೆದು ನೇತುಹಾಕಿದೆ. ಅವ್ವ ಅದಕ್ಕೂ ದಿನಾ ಒಂದು ಹೂ ಸಿಕ್ಕಿಸುತ್ತಿದ್ದಳು.

ಗ್ಯಾಸ್ ಒಲೆ ನಮ್ಮ ಮನೆಗೆ ಬಂದದ್ದು ಆಸೆಯಿಂದಲ್ಲ, ಕೆಮ್ಮಿನಿಂದ. ಎರಡು ಮಳೆಗಾಲದಿಂದ ಭಾಗ್ಯನಿಗೆ ಕೆಮ್ಮು ಬಿಟ್ಟಿರಲಿಲ್ಲ. ಹಸಿ ಸೌದೆ ಉರಿಸುವ ದಿನ ಅವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಉಸಿರಿಗಾಗಿ ಕಾಯುತ್ತಿದ್ದಳು. ರಾಮನಗರದ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಹೊಗೆಯಿಂದ ದೂರ ಇರಬೇಕಮ್ಮ" ಎಂದರು. ನಾನು ಹೊಗೆ ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂದು ವಿವರಿಸಲು ಶುರುಮಾಡಿದೆ. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಆಗ ಹಳ್ಳಿಗೆ ಸಿಲಿಂಡರು ತಲುಪಿಸುವ ಗಾಡಿ ಬರುತ್ತಿರಲಿಲ್ಲ. ಹೆಸರು ಬರೆಸಿ, ಕಾದು, ಕೊನೆಗೊಂದು ಶುಕ್ರವಾರ ಬಿಡದಿಯಿಂದ ಮೊಪೆಡ್ಡಿನ ಹಿಂದೆ ಸಿಲಿಂಡರು ಕಟ್ಟಿಕೊಂಡು ಹೊರಟೆ. ತರಬೇತಿಯಲ್ಲಿ ಕೇಳಿದ್ದ ಪ್ರತಿಯೊಂದು ಅಪಘಾತವೂ ನೆನಪಿದ್ದರಿಂದ ಎಷ್ಟು ನಿಧಾನವಾಗಿ ಓಡಿಸಿದೆನೆಂದರೆ, ಮೇಯಿಸಿಕೊಂಡು ಬರುತ್ತಿದ್ದ ಕುರಿಮಂದೆಯೊಂದು ನನ್ನನ್ನು ಹಿಂದೆ ಹಾಕಿತು. ಮನೆಯಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಸಿಲಿಂಡರಿಗೆ ಅರಿಶಿನ ಕುಂಕುಮ ಇಟ್ಟಳು, ಹೊಸ ಒಲೆಯ ಎರಡು ಬರ್ನರಿಗೂ ಹೂವಿಟ್ಟಳು, ಕಾಯಿ ಒಡೆದಳು. ಸಿಲಿಂಡರಿನ ಮೇಲೆ ಕರ್ಪೂರ ಹಚ್ಚಲು ಹೊರಟಾಗ ಮಾತ್ರ ನಾನು ಅಡ್ಡ ಬಂದು ಕೈ ಹಿಡಿದುಕೊಂಡೆ.

ಆಮೇಲೆ ನನ್ನ ಭಾಷಣ. ರೆಗ್ಯುಲೇಟರು ಯಾವುದು, ಟ್ಯೂಬು ಯಾವುದು, ವಾಸನೆ ಬಂದರೆ ಹೇಗೆ ಕಿಟಕಿ ತೆರೆದಿಟ್ಟು ಹೊರಗೆ ಹೋಗಬೇಕು. ವಾಸನೆಯ ವಿಷಯಕ್ಕೆ ಬಂದಾಗ ಸ್ವಲ್ಪ ತೊಡಕಾಯಿತು. ನಮ್ಮ ಕೆರೆಗೆ ಪಟ್ಟಣದ ಕೊಳಚೆ ಹರಿದು ಬರಲು ಶುರುವಾದ ಮೇಲೆ, ಗಾಳಿ ಆ ಕಡೆಯಿಂದ ಬೀಸಿದ ದಿನ ಯಾವ ವಾಸನೆ ಎಲ್ಲಿಯದು ಎಂದು ಹೇಳುವಂತಿರಲಿಲ್ಲ. "ಹಂಗಾದ್ರೆ ನಾವು ವರ್ಷವೆಲ್ಲಾ ಕಿಟಕಿ ತೆಗ್ದಿಟ್ಟು ಬೀದೀಲಿ ಕೂತ್ಕಬೇಕಾಯ್ತದೆ" ಎಂದಳು ಅವ್ವ. ಅರ್ಧ ಗಂಟೆ ಮಾತಾಡಿ ನಾನು ಲೈಟರ್ ಕೈಗೆ ತೆಗೆದುಕೊಂಡೆ. ಎರಡು ಸಲ ಟಕ್ ಅನ್ನಿಸಿದೆ, ಗ್ಯಾಸ್ ತಿರುಗಿಸಲಿಲ್ಲ. ಮೂರನೆಯ ಸಲ ಗ್ಯಾಸ್ ತಿರುಗಿಸಿದೆ, ಲೈಟರ್ ಒತ್ತಲಿಲ್ಲ. ಭಾಗ್ಯ ಗುಂಡಿ ಮುಚ್ಚಿ, ಲೈಟರನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಒಲೆ ಹಚ್ಚಿ ಹಾಲಿಟ್ಟಳು. ಅವ್ವ ಬಗ್ಗಿ ನೀಲಿ ಉರಿಯನ್ನು ನೋಡಿದಳು. "ಒಳ್ಳೇದು ಕನವ್ವ. ಹೊಗೆ ಇಲ್ಲ, ಬೂದಿ ಇಲ್ಲ. ಊದಂಗೂ ಇಲ್ಲ" ಎಂದಳು. ನಲವತ್ತೈದು ವರ್ಷ ಊದುಗೊಳವೆ ಹಿಡಿದಿದ್ದ ಆಕೆ ಕೊನೆಯ ಮಾತನ್ನು ಹೇಳಿದ ರೀತಿಯಲ್ಲಿ ಏನೋ ಒಂದು ಇತ್ತು. ಆಗ ನನಗೆ ಅದು ತಿಳಿಯಲಿಲ್ಲ. ನಾನು ಸೋರಿಕೆ ನೋಡಲು ಸೋಪಿನ ನೊರೆ ಕಲೆಸುತ್ತಿದ್ದೆ.

ಹಾಲು ಕಾಯಿತು, ಅನ್ನವಾಯಿತು, ಸಾರೂ ಆಯಿತು. ತೊಂದರೆ ಬಂದದ್ದು ಮುದ್ದೆಯಲ್ಲಿ. ಮುದ್ದೆ ಮಾಡುವುದನ್ನು ನೋಡದವರಿಗೆ ಹೇಳುತ್ತೇನೆ, ಅದು ಅಡುಗೆಯಲ್ಲ, ಕುಸ್ತಿ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಮೊಳದುದ್ದದ ಕೋಲಿನಿಂದ ಗಂಟು ಉಳಿಯದ ಹಾಗೆ ತಿರುವಬೇಕು. ಪಾತ್ರೆ ಅಲುಗಾಡದಂತೆ ಎಡಗೈಯಲ್ಲಿ ಕವೆಗೋಲು ಅಂದರೆ ಕವಲೊಡೆದ ಇನ್ನೊಂದು ಕೋಲು ಹಿಡಿದು ಅದರ ಕಂಠವನ್ನು ಒತ್ತಿ ಹಿಡಿಯಬೇಕು. ಮಣ್ಣಿನ ಒಲೆ ನೆಲದಿಂದಲೇ ಹುಟ್ಟಿಕೊಂಡಂತೆ ಇರುತ್ತದೆ. ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಈ ಸ್ಟೀಲಿನ ಒಲೆ ಕಡಪ ಕಲ್ಲಿನ ಮೇಲೆ ನಾಲ್ಕು ರಬ್ಬರು ಕಾಲಿನಲ್ಲಿ ನಿಂತಿತ್ತು. ಅವ್ವ ಕೋಲು ಹಾಕಿ ಒಂದು ಸುತ್ತು ತಿರುವಿದಳು, ಒಲೆ ಒಂದು ಹೆಜ್ಜೆ ನಡೆಯಿತು. ಇನ್ನೊಂದು ಸುತ್ತಿಗೆ ಇನ್ನೊಂದು ಹೆಜ್ಜೆ. "ಲೇ ನಂಜುಂಡ, ಇದು ಎಲ್ಗೋ ಹೊಂಟದೆ ಕನ್ಲಾ, ಹಿಡ್ಕೋ ಬಾ" ಎಂದು ಕೂಗಿದಳು.

ನಾನು ಹೋಗಿ ಒಲೆಯನ್ನು ಎರಡೂ ಕೈಯಿಂದ, ತುಂಟ ಹೋರಿಯ ಕೊಂಬು ಹಿಡಿದಂತೆ ಹಿಡಿದೆ. ತರಬೇತಿಯಲ್ಲಿ ಉರಿಯುತ್ತಿರುವ ಒಲೆಯನ್ನು ತಬ್ಬಿಕೊಳ್ಳಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವರಿಗೆ ಅನ್ನಿಸಿರಲಾರದು. ಅವ್ವ ಬಲವಾಗಿ ತಿರುವಿದಳು. ಒಲೆ ನಿಂತಿತು, ಆದರೆ ಪಾತ್ರೆ ಜಾರಿತು. ಅರೆಬೆಂದ ಹಿಟ್ಟು ನನ್ನ ಎಡಗಾಲಿನ ಮೇಲೆ ಬಿತ್ತು. ಮುದ್ದೆ ಬಿಸಿಯಾಗಿದ್ದರೇ ಚೆಂದ ಎಂದು ಹುಟ್ಟಿದಾಗಿನಿಂದ ನಂಬಿದ್ದವನು ಆವತ್ತು ಎರಡು ನಿಮಿಷ ಆ ನಂಬಿಕೆ ಬಿಟ್ಟೆ. ಅವ್ವ ತಣ್ಣೀರು ಸುರಿದು, ಲೋಳೆಸರ ಮುರಿದು ತಂದು ಹಚ್ಚಿ, ಪಾತ್ರೆ, ಕೋಲು, ಕವೆಗೋಲು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ಬಚ್ಚಲ ಪಕ್ಕದ ಮಾಡಿನ ಕೆಳಗೆ ನೀರು ಕಾಯಿಸುವ ಹಳೆಯ ಒಲೆಯಿತ್ತು.

ಹೀಗೆ ನಮ್ಮ ಮನೆಯಲ್ಲಿ ಎರಡು ಅಡುಗೆಮನೆಗಳಾದವು. ಮೊದಲು ಮುದ್ದೆ ಒಂದೇ ಹೊರಗಿತ್ತು. ಮುದ್ದೆಯ ಹಿಂದೆ ಸಾರು ಹೋಯಿತು, ಒಲೆ ಹೇಗೂ ಉರಿಯುತ್ತಿದೆಯಲ್ಲ ಎಂದು. ಸಾರಿನ ಹಿಂದೆ ಪಲ್ಯ ಹೋಯಿತು. ತಿಂಗಳು ತುಂಬುವ ಹೊತ್ತಿಗೆ ಗ್ಯಾಸಿನಲ್ಲಿ ಉಳಿದದ್ದು ಕಾಫಿ ಮತ್ತು ಮೊಟ್ಟೆ ಬೇಯಿಸುವುದು. ಭಾಗ್ಯ ಬಿಡಲಿಲ್ಲ, ಒಳಗೆ ತಾನೂ ಒಂದು ಸಾರು ಮಾಡಿದಳು. ಊಟಕ್ಕೆ ಕೂತರೆ ನನ್ನ ಮುಂದೆ ಎರಡು ಬಟ್ಟಲು. ಅವ್ವನದು ಅವರೆಕಾಳಿನ ಸಾರು, ಹೆಂಡತಿಯದು ಹುರುಳಿಕಟ್ಟಿನ ಸಾರು. ಇಬ್ಬರೂ ನನ್ನ ಮುಖ ನೋಡುತ್ತ ಕೂರುತ್ತಿದ್ದರು. ಯಾವುದನ್ನು ಮೊದಲು ಕಲೆಸಿದೆ, ಯಾವುದನ್ನು ಎರಡನೆಯ ಸಲ ಹಾಕಿಸಿಕೊಂಡೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ನಾನು ಎರಡನ್ನೂ ಸಮನಾಗಿ ಬೆರೆಸಿ ತಿಂದು, ಎರಡರ ರುಚಿಯನ್ನೂ ಕೆಡಿಸಿ, ಇಬ್ಬರಿಂದಲೂ ಬೈಸಿಕೊಂಡೆ.

ಭಾಗ್ಯ ತಾನೇ ಮುದ್ದೆ ಮಾಡಿ ನೋಡಿದಳು. ಪಾತ್ರೆ ಕೆಳಗಿಳಿಸಿ, ಹಳೆ ಬಟ್ಟೆ ಸುತ್ತಿ, ಎರಡು ಪಾದದ ನಡುವೆ ಒತ್ತಿಕೊಂಡು ತಿರುವಿದಳು. ಬೇರೆ ಮನೆಗಳಲ್ಲಿ ಹಾಗೆ ಮಾಡುವುದುಂಟು. ಆದರೆ ಕೆಳಗಿಳಿದ ಹಿಟ್ಟು ಆರಿ ಬಿಗಿಯಾಗಿ ಗಂಟಾಯಿತು. ಆವತ್ತು ಬಾಯಿಯಲ್ಲಿ ಸಿಕ್ಕ ಒಂದು ಗಂಟನ್ನು ನಾನು ಮಾತ್ರೆಯಂತೆ ನೀರು ಕುಡಿದು ನುಂಗಿದೆ. ಅವ್ವ ತನ್ನ ತಟ್ಟೆಯ ಮುದ್ದೆಯನ್ನು ಮುರಿದು ನೋಡಿ, "ಪರವಾಗಿಲ್ಲ, ಒಸಿ ಗಂಟದೆ" ಎಂದಳು. ಆಕೆ ಬೈದಿದ್ದರೆ ಭಾಗ್ಯ ತಡೆದುಕೊಳ್ಳುತ್ತಿದ್ದಳು. ಪರವಾಗಿಲ್ಲ ಎಂದದ್ದೇ ಅವಳಿಗೆ ಚುಚ್ಚಿತು. ಮೂರು ದಿನ ಅನ್ನವನ್ನೇ ಮಾಡಿದಳು, ಅವಳ ಎದುರಿಗೆ ಅವ್ವನ ಹಿತ್ತಿಲ ಮುದ್ದೆ ಮುಟ್ಟುವ ಧೈರ್ಯ ನನಗಾಗಲಿಲ್ಲ. ನಮ್ಮ ಕಡೆಯ ಗಂಡಸಿಗೆ ಮೂರು ದಿನ ಮುದ್ದೆಯಿಲ್ಲದಿದ್ದರೆ ನಾಲ್ಕನೆಯ ದಿನ ಸ್ಟೋರಿನಲ್ಲಿ ನಟ್ಟು ಕೇಳಿದವನಿಗೆ ವಾಷರ್ ಕೊಡುತ್ತಾನೆ. ಕಂಪನಿಯ ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆ ಮುದ್ದೆ ಇರುತ್ತಿತ್ತು, ನಿಜ. ನಿಂಬೆಹಣ್ಣಿನ ಗಾತ್ರ. ಅದನ್ನು ತಿನ್ನಬೇಕೋ, ದೃಷ್ಟಿ ತೆಗೆಯಬೇಕೋ ತಿಳಿಯುತ್ತಿರಲಿಲ್ಲ.

ಇದೆಲ್ಲ ನಗುವ ಮಾತು. ನಗಲಾರದ್ದು ಏನೆಂದರೆ, ಹಿತ್ತಿಲ ಒಲೆಯ ಹೊಗೆ ಗಾಳಿ ತಿರುಗಿದಾಗಲೆಲ್ಲ ಅಡುಗೆಮನೆಯ ಕಿಟಕಿಯಿಂದ ನೇರವಾಗಿ ಒಳಗೆ ಬರುತ್ತಿತ್ತು. ಭಾಗ್ಯನ ಕೆಮ್ಮು ಮತ್ತೆ ಶುರುವಾಯಿತು. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಗ್ಯಾಸ್ ಒಲೆಯ ಪಕ್ಕದಲ್ಲಿ ಗೋಡೆ ಹಿಡಿದು ಕೂತಿದ್ದಳು. ಎದೆಯಿಂದ ಸಿಳ್ಳೆಯಂತೆ ಸದ್ದು ಬರುತ್ತಿತ್ತು. ನನಗೆ ಸಿಟ್ಟು ಬಂತು. ಹಿತ್ತಿಲಿಗೆ ಹೋಗಿ ಅವ್ವನ ಮೇಲೆ ಕೂಗಾಡಿದೆ. ಹೊಗೆಯ ಬಗ್ಗೆ, ಡಾಕ್ಟರ ಬಗ್ಗೆ, ಹಟದ ಬಗ್ಗೆ, ಹೊಸದನ್ನು ಕಲಿಯದವರ ಬಗ್ಗೆ. ಅವ್ವ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದವಳು ಕೇಳಿಸಿಕೊಂಡಳು. ಅದೇ ನನಗೆ ಹೆದರಿಕೆ ಹುಟ್ಟಿಸಿತು, ಏಕೆಂದರೆ ಮೊದಲೇ ಹೇಳಿದೆನಲ್ಲ, ಆಕೆ ಎಂದೂ ನನ್ನ ಮಾತನ್ನು ಪೂರ್ತಿ ಕೇಳಿದವಳಲ್ಲ.

"ನಾನೇನ್ ಬೇಕೂಂತ ಹೊಗೆ ಹಾಕ್ತೀನ್ಲಾ?" ಎಂದಳು. "ನನ್ಗೆ ಬರೋದು ಇದೊಂದೇ ಕೆಲ್ಸ. ಹೊಲ ಗುತ್ತಿಗೆಗೆ ಕೊಟ್ಬುಟ್ರಿ, ಹಸ ಮಾರ್ಬುಟ್ರಿ. ಮುದ್ದೇನೂ ಮಾಡ್ಬೇಡ ಅಂದ್ರೆ ಇನ್ನೇನ್ ಮಾಡ್ಲಿ, ಜಗಲಿ ಮ್ಯಾಲೆ ಕೂತು ಬಸ್ ಎಣಿಸ್ಲಾ?"

ಒಳಗೆ ಭಾಗ್ಯ ಮತ್ತೆ ಕೆಮ್ಮಿದಳು. ಅವ್ವ ಆ ಕಡೆ ಕಿವಿಗೊಟ್ಟಳು. ಆಮೇಲೆ ಪಕ್ಕದಲ್ಲಿದ್ದ ಚೊಂಬಿನ ನೀರನ್ನು ಉರಿಯುತ್ತಿದ್ದ ಸೌದೆಯ ಮೇಲೆ ಸುರಿದಳು. ಚುಂಯ್ ಎಂದು ಆರಿತು. ಆ ದಿನ ಅರ್ಧ ಬೆಂದ ಹಿಟ್ಟು ಪಾತ್ರೆಯಲ್ಲೇ ಉಳಿಯಿತು. ಮೂವರೂ ಅವಲಕ್ಕಿ ತಿಂದೆವು.

ಮಾರನೆಯ ದಿನ ಶಿಫ್ಟು ಮುಗಿದು ಕಂಪನಿ ವ್ಯಾನಿನಲ್ಲಿ ಬರುತ್ತಿದ್ದೆ. ಬಿಡದಿಯ ಹೆದ್ದಾರಿ ಬದಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿ ಇದೆ, ಬಾಷಾ ಸಾಬರದು. ಗೇಟು, ಕಿಟಕಿ ಸರಳು, ಟ್ರ್ಯಾಕ್ಟರಿನ ಮುರಿದ ಭಾಗ ಎಲ್ಲಕ್ಕೂ ಬೆಸುಗೆ ಹಾಕುತ್ತಾರೆ. ವ್ಯಾನು ಅಲ್ಲಿ ಲಾರಿಗೆ ದಾರಿ ಬಿಡಲು ನಿಂತಾಗ ನನ್ನ ಪಕ್ಕದವನು, "ಲೇ ನಂಜುಂಡ, ಅದು ನಿಮ್ಮವ್ವ ಅಲ್ವೇನ್ಲಾ?" ಎಂದ. ಅವ್ವನೇ. ಕವುಚಿ ಹಾಕಿದ ಡ್ರಮ್ಮಿನ ಮೇಲೆ, ಮಸಿ ಹಿಡಿದ ಮುದ್ದೆ ಪಾತ್ರೆಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿದ್ದಳು. ಸುತ್ತ ಕಿಡಿ ಹಾರುತ್ತಿತ್ತು. ಮನೆ ಬಿಟ್ಟು ಬಂದುಬಿಟ್ಟಳೋ, ಪಾತ್ರೆ ಗುಜರಿಗೆ ಹಾಕಲು ಬಂದಳೋ, ನನ್ನ ಮೇಲೆ ದೂರು ಹೇಳುತ್ತಿದ್ದಾಳೋ ತಿಳಿಯಲಿಲ್ಲ. ಇಳಿದು ಹೋಗಿ ಕೇಳಬೇಕಿತ್ತು. ವ್ಯಾನಿನ ತುಂಬ ನಮ್ಮ ಕಂಪನಿಯವರು. ನಾನು ತಲೆ ಬಗ್ಗಿಸಿ ಶೂ ಲೇಸು ಕಟ್ಟಿಕೊಳ್ಳುತ್ತ, "ನಮ್ಮವ್ವ ಮನೇಲವ್ಳೆ. ಅದ್ಯಾರೋ ಅವಳಂಗೇ ಕಾಣ್ತಾರೆ" ಎಂದೆ. ಹಾಗೆ ಅಂದದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ಅಷ್ಟೆ.

ಆರು ಗಂಟೆಗೆ ಅವ್ವ ಮನೆಗೆ ಬಂದಳು, ಕಂಕುಳಲ್ಲಿ ಪಾತ್ರೆ, ತಲೆಯ ಮೇಲೆ ಗೋಣಿಯಲ್ಲಿ ಸುತ್ತಿದ ಭಾರದ ವಸ್ತು. ಬಿಚ್ಚಿದರೆ ಕಬ್ಬಿಣದ ಒಂದು ಚೌಕಟ್ಟು. ಒಲೆಯ ನಾಲ್ಕು ಕಾಲು ಕೂರಲು ನಾಲ್ಕು ಬಟ್ಟಲು. ಕಡಪ ಕಲ್ಲಿನ ಅಂಚನ್ನು ಕಚ್ಚಿಕೊಳ್ಳಲು ಮುಂದೆ ಎರಡು ಕೊಕ್ಕೆ. ಮೇಲೆ, ಬರ್ನರಿನಿಂದ ಗೇಣೆತ್ತರದಲ್ಲಿ, ಪಾತ್ರೆಯ ಸೊಂಟಕ್ಕೆ ಸರಿಯಾಗಿ ಒಂದು ಬಳೆ. ಬಳೆಗೆ ಒಂದು ಕಿವಿ. ಬೆಳಿಗ್ಗೆ ನಾನು ಹೋದ ಮೇಲೆ ಆಕೆ ಒಂದು ದಾರ ತೆಗೆದುಕೊಂಡು ಒಲೆಯ ಉದ್ದಕ್ಕೊಂದು, ಅಗಲಕ್ಕೊಂದು, ಕಲ್ಲಿನ ದಪ್ಪಕ್ಕೊಂದು ಗಂಟು ಹಾಕಿಕೊಂಡಿದ್ದಳಂತೆ. ಪಾತ್ರೆಯನ್ನೇ ಹೊತ್ತುಕೊಂಡು ಹೋಗಿ, ಬಾಷಾ ಸಾಬರ ಅಂಗಡಿಯ ಮುಂದಿನ ಮಣ್ಣಿನಲ್ಲಿ ಬೆರಳಿನಿಂದ ಗೀಚಿ ತೋರಿಸಿದ್ದಳಂತೆ. ಅವರು ಮೊದಲು, "ಅಮ್ಮಾ, ಇಂಥದ್ದು ನಾವು ಯಾವತ್ತೂ ಮಾಡಿಲ್ಲ" ಎಂದರಂತೆ. ಅದಕ್ಕೆ ಅವ್ವ, "ನಾನೂ ಯಾವತ್ತೂ ಮಾಡ್ಸಿಲ್ಲ ಕನಪ್ಪ, ಇಬ್ರೂ ಕಲಿಯವ" ಎಂದಳಂತೆ. ಬಳೆ ಎರಡು ಸಲ ದೊಡ್ಡದಾಯಿತಂತೆ. ಎರಡು ಸಲವೂ ಬಿಚ್ಚಿಸಿ ಕೂತಲ್ಲೇ ಕಾದಳಂತೆ, ಮಧ್ಯಾಹ್ನದ ಊಟವಿಲ್ಲದೆ.

ಮಾರನೆಯ ಬೆಳಿಗ್ಗೆ ಎಸರು ಕುದಿಯಿತು, ಹಿಟ್ಟು ಬಿತ್ತು, ಅವ್ವ ಕವೆಗೋಲನ್ನು ಬಳೆಯ ಕಿವಿಗೆ ಸಿಕ್ಕಿಸಿ ತಿರುವಿದಳು. ನಾನು ಹಳೆಯ ಅನುಭವದಿಂದ ಬಾಗಿಲಾಚೆ ನಿಂತಿದ್ದೆ. ಒಲೆ ಮಿಸುಕಲಿಲ್ಲ. ಅವ್ವ ಇನ್ನೂ ಬಲ ಹಾಕಿದಳು. ಒಲೆ ಅಪ್ಪಣೆಯಾದ ಜವಾನನಂತೆ ನೆಟ್ಟಗೆ ನಿಂತಿತ್ತು. ಅರ್ಧ ತಿರುವಿದವಳು ಕೋಲನ್ನು ಭಾಗ್ಯನ ಕೈಗೆ ಕೊಟ್ಟಳು. "ಇಲ್ಬಾ ಮಗ, ನೀನು ತಿರುವು. ಭುಜದಿಂದ ಒತ್ತು, ಮಣಿಕಟ್ಟಿಂದಲ್ಲ. ಇನ್ನೂ ಒಸಿ. ಹೂಂ, ಈಗ ನೋಡು, ಹಿಟ್ಟು ಹೇಳ್ದಂಗೆ ಕೇಳ್ತದೆ." ಭಾಗ್ಯ ಬೆವರುತ್ತ ತಿರುವಿದಳು, ಕೆಮ್ಮಲಿಲ್ಲ. ಆವತ್ತಿನ ಮುದ್ದೆಯಲ್ಲಿ ಹುಡುಕಿದರೂ ಗಂಟು ಸಿಗಲಿಲ್ಲ. ಅವ್ವ ಮುರಿದು ನೋಡಿ, "ಚೆಂದಾಗದೆ" ಎಂದಳು. ಭಾಗ್ಯ ಮುಖ ತಿರುಗಿಸಿಕೊಂಡು ಸಾರಿಗೆ ಉಪ್ಪು ಹಾಕಿದಳು. ಮೊದಲೇ ಒಂದು ಸಲ ಹಾಕಿದ್ದಳು. ಮೂವರೂ ಆ ಸಾರನ್ನೇ ಸುರಿದುಕೊಂಡು ಉಂಡೆವು. ಆ ತಿಂಗಳ ಕೊನೆಗೆ ಅವಳ ಎದೆಯ ಸಿಳ್ಳೆ ನಿಂತಿತು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿಕೊಂಡು, ದಾರಕ್ಕೆ ಗಂಟು ಹಾಕಿಸಿಕೊಂಡು ಬಾಷಾ ಸಾಬರ ಅಂಗಡಿಗೆ ಹೊರಟರು. ಅವ್ವ ಜೊತೆಗೆ ಹೋಗಿ ಡ್ರಮ್ಮಿನ ಮೇಲೆ ಕೂತು, ಬಳೆ ಸರಿಯಾಗಿದೆಯೇ ಎಂದು ನೋಡಿ ಹೇಳುತ್ತಿದ್ದಳು. ಬಸ್ ಎಣಿಸಲು ಆಕೆಗೆ ಬಿಡುವಾಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು, ನಾನು ಇಲ್ಲದಿದ್ದರೆ. ನಮ್ಮ ಕಂಪನಿಯಲ್ಲಿ ಪ್ರತಿಯೊಬ್ಬರೂ ತಿಂಗಳಿಗೊಂದು ಹೊಸ ಸಲಹೆ ಬರೆದು ಪೆಟ್ಟಿಗೆಗೆ ಹಾಕಬೇಕೆಂಬ ನಿಯಮವಿತ್ತು. ನಾನು ಅಲ್ಲಿಯವರೆಗೆ ಕೊಟ್ಟಿದ್ದ ಸಲಹೆಗಳಲ್ಲಿ ದೊಡ್ಡದೆಂದರೆ ಕ್ಯಾಂಟೀನಿನ ಗಡಿಯಾರವನ್ನು ಊಟಕ್ಕೆ ಕೂತವರಿಗೆ ಕಾಣದ ಗೋಡೆಗೆ ಹಾಕಬೇಕು ಎಂಬುದು. ಆ ತಿಂಗಳು ಏನೂ ಹೊಳೆಯದೆ ಮುದ್ದೆ ಚೌಕಟ್ಟಿನ ಚಿತ್ರ ಬರೆದು, ಅದರ ಉಪಯೋಗವನ್ನು ನನ್ನ ಸ್ವಭಾವಕ್ಕೆ ತಕ್ಕಂತೆ ನಾಲ್ಕು ಪುಟ ವಿವರಿಸಿ ಹಾಕಿದೆ. ವಾರದ ನಂತರ ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ. ತಿಂಗಳ ಶ್ರೇಷ್ಠ ಸಲಹೆ, ಬಹುಮಾನ ಒಂದು ಫ್ಲಾಸ್ಕು. ಮನೆಗೆ ತಂದಾಗ ಭಾಗ್ಯ ಕೇಳಿದಳು, "ಕಾಗದದಲ್ಲಿ ಯಾರ ಹೆಸ್ರು ಬರ್ದಿದ್ರಿ?"

"ಉದ್ಯೋಗಿಯ ಹೆಸರು ಅಂತ ಜಾಗ ಇತ್ತು. ನಂದೇ ಬರ್ದೆ."

"ಯೋಚ್ನೆ ಯಾರ್ದು ಅಂತ ಜಾಗ ಇರ್ಲಿಲ್ವಾ?"

ನಿಜಕ್ಕೂ ಇರಲಿಲ್ಲ. ಆದರೆ ನಾಲ್ಕು ಪುಟದಲ್ಲಿ ಒಂದು ಸಾಲಿಗೆ ಜಾಗ ಇರಲಿಲ್ಲವೇ ಎಂದು ಅವಳು ಕೇಳಲಿಲ್ಲ. ಅವರೆಕಾಯಿ ಸುಲಿಯತೊಡಗಿದಳು.

ಅಷ್ಟರಲ್ಲಿ ಕಂಪನಿಯ ಪತ್ರಿಕೆ ನೋಡಿಕೊಳ್ಳುವ ಸೌಮ್ಯಾ ಮೇಡಂ ಎಂಬ ಬೆಂಗಳೂರಿನ ಆಫೀಸರು ಚೌಕಟ್ಟನ್ನು ಕಣ್ಣಾರೆ ನೋಡಬೇಕೆಂದು ಒಂದು ಭಾನುವಾರ ಕ್ಯಾಮೆರಾ ಹಿಡಿದು ಮನೆಗೇ ಬಂದರು. ಬಹಳ ಒಳ್ಳೆಯವರು. ಅವ್ವನ ಕಾಲಿಗೆ ನಮಸ್ಕಾರ ಮಾಡಿದರು. ಆಮೇಲೆ, "ನಂಜುಂಡಪ್ಪನವರೇ, ನೀವೇ ಮುದ್ದೆ ಮಾಡ್ತಿರೋ ಹಾಗೆ ಒಂದು ಫೋಟೋ ತೆಗೆಯೋಣ" ಎಂದರು. ನಾನು ಹುಟ್ಟಿದಾಗಿನಿಂದ ಮುದ್ದೆ ತಿಂದವನೇ ಹೊರತು ಕೋಲು ಮುಟ್ಟಿದವನಲ್ಲ. ಎರಡು ಸುತ್ತು ತಿರುವಿದೆ. ಚೌಕಟ್ಟು ಕದಲಲಿಲ್ಲ, ಒಲೆ ಕದಲಲಿಲ್ಲ, ಪಾತ್ರೆಯೂ ಕದಲಲಿಲ್ಲ. ಹಿಟ್ಟೂ ಕದಲಲಿಲ್ಲ. ಕೋಲು ಗೂಟದಂತೆ ನಟ್ಟುಕೊಂಡಿತು. ಎರಡೂ ಕೈಯಲ್ಲಿ ಎಳೆದಾಗ ನಾನೇ ಒಂದು ಸುತ್ತು ತಿರುಗಿದೆ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಈ ಸಲ ಕೆಮ್ಮಿಗಲ್ಲ. ಅವ್ವ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಕೋಲು ಕಿತ್ತು, ನಾಲ್ಕು ಸುತ್ತಿನಲ್ಲಿ ಹಿಟ್ಟನ್ನು ದಾರಿಗೆ ತಂದಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಅತಿಥಿಯ ಮುಂದೆ ಮಗನ ಮಾನ ಹೋಗಬಾರದೆಂಬ ಅವಸರ ಮಾತ್ರ ಇತ್ತು.

"ಮೇಡಂ" ಎಂದೆ, "ಇದು ನನ್ನ ಯೋಚನೆ ಅಲ್ಲ. ಅಳತೆ ತಗೊಂಡಿದ್ದು, ಹೋಗಿ ಮಾಡಿಸಿದ್ದು, ಎಲ್ಲ ನಮ್ಮ ತಾಯಿ. ನಾನು ಮಾಡಿದ್ದು ಏನೂ ಇಲ್ಲ."

ಸೌಮ್ಯಾ ಮೇಡಂ ಒಂದು ಕ್ಷಣ ನನ್ನನ್ನೇ ನೋಡಿದರು. ಅವರ ಕಣ್ಣಿನಲ್ಲಿ ನೀರು ನಿಂತಂತೆ ಕಂಡಿತು. ಪುಸ್ತಕ ತೆರೆದು ಏನೋ ಬರೆದುಕೊಂಡರು. ಮುದ್ದೆಯನ್ನು ಗಂಟಲಲ್ಲಿ ಇಳಿಸಲು ಕಷ್ಟಪಟ್ಟರೂ ಅರ್ಧ ಉಂಡು ಹೋದರು. ನನ್ನ ಎದೆಯ ಭಾರವೆಲ್ಲ ಇಳಿದಿತ್ತು. ಅಂದು ನಾನೂ ಎರಡು ಮುದ್ದೆ ಉಂಡೆ.

ಮುಂದಿನ ತಿಂಗಳು ಪತ್ರಿಕೆ ಬಂತು. ಪುಟದ ತುಂಬ ದಪ್ಪ ಅಕ್ಷರದಲ್ಲಿ: ತಾಯಿಯ ಮುದ್ದೆಗಾಗಿ ಮಗನ ಆವಿಷ್ಕಾರ. ಒಳಗೆ ಹೀಗಿತ್ತು: "ಇಷ್ಟು ದೊಡ್ಡ ಸಾಧನೆ ಮಾಡಿಯೂ ಎಲ್ಲವೂ ನನ್ನ ತಾಯಿಯದೇ ಎನ್ನುವ ನಂಜುಂಡಪ್ಪನವರ ವಿನಯ ನಮ್ಮೆಲ್ಲರಿಗೂ ಮಾದರಿ." ಫೋಟೋದಲ್ಲಿ ಅವ್ವ ಕೋಲು ಹಿಡಿದಿದ್ದಾಳೆ, ನಾನು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದೇನೆ, ಕೆಳಗೆ "ಆವಿಷ್ಕಾರಿಯೊಂದಿಗೆ ಅವರ ತಾಯಿ" ಎಂಬ ಸಾಲು. ಕಂಪನಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು. ತಪ್ಪೊಪ್ಪಿಕೊಂಡ ಮೇಲೆ ಗೌರವ ಮೊದಲಿಗಿಂತ ಹೆಚ್ಚಾಯಿತು. ಇನ್ನೊಂದು ಸಲ ಒಪ್ಪಿಕೊಂಡರೆ ಸನ್ಮಾನ ಮಾಡಿಬಿಡುತ್ತಾರೆಂಬ ಹೆದರಿಕೆಯಿಂದ ಸುಮ್ಮನಾದೆ.

ಮನೆಯಲ್ಲಿ ಅವ್ವ ಕಾಲು ಚಾಚಿ ಕೂತು, "ಏನ್ ಬರ್ದವ್ರೆ, ಓದ್ಲಾ" ಎಂದಳು. ಆಕೆಗೆ ಅಕ್ಷರ ಬಾರದು. ನಾನು ಪತ್ರಿಕೆ ಎತ್ತಿ ಹಿಡಿದು ಓದಿದೆ: "ಬೈರಮಂಗಲದ ಹತ್ತಿರದ ಚಿಕ್ಕತಾಯಮ್ಮನವರು ತಮ್ಮ ಸೊಸೆಯ ಕಷ್ಟ ನೋಡಲಾರದೆ, ದಾರದಲ್ಲಿ ಅಳತೆ ಹಿಡಿದು, ಯಾರ ಸಹಾಯವೂ ಇಲ್ಲದೆ ಹೊಸ ಚೌಕಟ್ಟು ಮಾಡಿಸಿದ್ದಾರೆ. ಅವರ ಮಗ ನಮ್ಮ ಕಂಪನಿಯ ಸ್ಟೋರಿನಲ್ಲಿದ್ದಾನೆ." ಹಿಂದೆ ನಿಂತಿದ್ದ ಭಾಗ್ಯ ಎಸ್ಸೆಸ್ಸೆಲ್ಸಿ ಪಾಸಾದವಳು. ನನ್ನ ಹೆಗಲ ಮೇಲಿಂದ ಪುಟವನ್ನು ನೋಡಿದಳು. ಒಳಗೆ ಹೋಗಿ ಕಾಫಿಗೆ ಇಟ್ಟಳು. ಅವ್ವ ತನ್ನ ಫೋಟೋವನ್ನು ಬೆರಳಿನಿಂದ ಸವರಿ, "ಸರ್ಯಾಗ್ ಬರ್ದವ್ರೆ" ಎಂದಳು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾರನೆಯ ದಿನ ಅದನ್ನು ಬಾಷಾ ಸಾಬರಿಗೆ ತೋರಿಸಲು ಬಿಡದಿಗೆ ಹೋಗಿದ್ದಾಳೆಂದು ಭಾಗ್ಯ ಹೇಳಿದಾಗ ನಾನು ಅಂಗಿ ಬಿಚ್ಚುತ್ತಿದ್ದವನು ಹಾಗೇ ನಿಂತೆ. ಬಾಷಾ ಸಾಬರು ಕನ್ನಡ ಪೇಪರನ್ನು ದಿನಾ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಸಂಜೆ ಅವ್ವ ಬಂದಳು. ಕಾಲು ತೊಳೆದಳು, ನೀರು ಕುಡಿದಳು, ಎಲೆ ಅಡಿಕೆ ಹಾಕಿಕೊಂಡಳು. ನಾನು ಜಗಲಿಯ ಕಂಬಕ್ಕೆ ಒರಗಿ ಕಾದೆ. ಆಕೆ ಸೊಂಟದಿಂದ ಪತ್ರಿಕೆ ತೆಗೆದು ನನ್ನ ಕಡೆ ಚಾಚಿದಳು.

"ಬಾಷಾ ಸಾಬ್ರು ಓದಿದ್ರು. ಅವ್ರು ಓದಿದ್ದು ಬ್ಯಾರೆ ಥರ ಇತ್ತು" ಎಂದಳು. "ನೀನ್ ಓದಿದ್ದೇ ಚೆಂದಾಗಿತ್ತು ಕನ್ಲಾ. ಇನ್ನೊಂದ್ ಕಿತ ಓದು."

ನಾನು ತೆಗೆದುಕೊಂಡು ಓದಿದೆ. ಕೃತಜ್ಞತೆಯೋ, ನಾಚಿಕೆಯೋ, ಈ ಸಲ ನನ್ನ ಕಡೆಯಿಂದಲೂ ಒಂದು ಸಾಲು ಸೇರಿಸಿದೆ: "ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಧನ್ಯ."

ಅವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಈ ಸಾಲು ನೆನ್ನೆ ಇರ್ಲಿಲ್ವಲ್ಲ," ಎಂದಳು, "ಅದ್ನ ತೆಗಿ. ಅಲ್ಲಿಗೂ ನೀನೇ ಬಂದ್ಬುಟ್ಟೆ."